ಒಬ್ಬನೇ ಓದುಗನ ಗ್ರಂಥಾಲಯ

ಹಳ್ಳಿಯ ಗ್ರಂಥಾಲಯಗಳಿಗೆ ಅರ್ಧ ದರದಲ್ಲಿ ಇಂಟರ್ನೆಟ್ ಕೊಡುತ್ತಾರೆಂದು ತಿಳಿದ ದಿನದಿಂದ ಅನ್ನದಾನಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಣೇಕಲ್ಲಿನ ಪಕ್ಕದ ಊರಿನ ಒಂದು ಕೋಣೆಯ ಗ್ರಂಥಾಲಯಕ್ಕೆ ಅವಳೇ ಮೇಲ್ವಿಚಾರಕಿ. ಇಂಟರ್ನೆಟ್ ಬಂದರೆ ಊರಿನ ಹೆಣ್ಣುಮಕ್ಕಳು ಒಂದು ಅರ್ಜಿ ಹಾಕಲು ರಾಯದುರ್ಗದ ಬಸ್ಸು ಹತ್ತಬೇಕಿಲ್ಲ. ಷರತ್ತು ಒಂದೇ: ದಿನಕ್ಕೆ ಇಪ್ಪತ್ತೈದು ಓದುಗರಾದರೂ ಇರಬೇಕು.

ತನಿಖೆಗೆ ಬಂದ ರುದ್ರಮುನಿ ಸಾಹೇಬರು ಹಾಜರಿ ಪುಸ್ತಕ ತೆರೆದರು. ಯಾವ ಪುಟ ತಿರುವಿದರೂ ದಿನಕ್ಕೊಂದೇ ಸಹಿ: ಸಣ್ಣಬಸಪ್ಪ.

"ಏನ್ರಿ ಅಮ್ಮಾ, ಇಡೀ ಊರಾಗ ಓದೋರು ಒಬ್ಬರೇನು?"

ಅನ್ನದಾನಮ್ಮ ಜಗುಲಿಯಲ್ಲಿ ಕೂತಿದ್ದ ಜನರ ಕಡೆ ನೋಡಿದಳು. ಆ ಊರಲ್ಲಿ ಪೇಪರು ಓದುವುದೆಂದರೆ ಸಣ್ಣಬಸಪ್ಪ ಜಗುಲಿಯ ಮೇಲೆ ಕೂತು ಗಂಟಲು ಹರಿಯುವಂತೆ ಓದುವುದು, ಮಿಕ್ಕವರು ಕಡಲೆಕಾಯಿ ಸುಲಿಯುತ್ತ ಕೇಳುವುದು. ಓದಿದವನು ಸಹಿ ಹಾಕಿದ. ಕೇಳಿದವರೂ ಹಾಕಬೇಕೆಂದು ಈ ಪುಣ್ಯಾತ್ಗಿತ್ತಿಗೆ ಹೊಳೆದೇ ಇರಲಿಲ್ಲ.

"ಕೇಳೋರು ಮೂವತ್ತೊಂದು ಮಂದಿ ಅದಾರ್ರಿ ಸಾರ್."

"ಕೇಳೋರು ಓದುಗರು ಹೆಂಗ ಆಗ್ತಾರ್ರಿ? ಅರ್ಹತೆ ಇಲ್ಲ ಅಂತ ಬರೀತೀನಿ."

ಜಗುಲಿಯಿಂದ ಓಬಳಮ್ಮ ಎದ್ದು ಬಂದಳು. ಎಪ್ಪತ್ತು ದಾಟಿದ ಮುದುಕಿ, ಅಕ್ಷರದ ಗಂಧವಿಲ್ಲ. "ನಿನ್ನೆ ಪೇಪರ್ನಾಗ ಏನಿತ್ತು, ನನ್ನ ಕೇಳ್ರಿ."

ಸಾಹೇಬರು ತಮಾಷೆಗೆಂದು ಕೇಳಿದರು. ಕೇಳಬಾರದಿತ್ತು.

ಕಾಲುವೆಗೆ ನೀರು ಬಿಡುವ ತಾರೀಖು, ಬಂಗಾರದ ದರ, ಯಾವುದೋ ದೇಶದ ಮಂತ್ರಿಯ ರಾಜೀನಾಮೆ, ಕಳೆದುಹೋದ ಎಮ್ಮೆಯ ಜಾಹೀರಾತು, ಎಲ್ಲವೂ ಪುಟಸಂಖ್ಯೆ ಸಮೇತ ಬಂದವು. ಅವಳು ಒಂದು ಮಾತು ತಪ್ಪಿದರೆ ಹಿಂದಿನಿಂದ ಹತ್ತು ಬಾಯಿ ತಿದ್ದುತ್ತಿದ್ದವು. ಸಂಪಾದಕೀಯಕ್ಕೆ ಬರುವ ಹೊತ್ತಿಗೆ ಊರು ಎರಡು ಪಕ್ಷವಾಗಿ ಜಗಳಕ್ಕೇ ನಿಂತಿತು. "ನಾ ಹಂಗ ಓದಿಲ್ಲೋ!" ಎಂದು ಸಣ್ಣಬಸಪ್ಪ ಅರಚಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅನ್ನದಾನಮ್ಮ ನಗು ತಡೆಯಲಾರದೆ ಸೆರಗನ್ನು ಬಾಯಿಗೊತ್ತಿಕೊಂಡಳು.

"ಸಾಕಮ್ಮಾ ಸಾಕು!" ಸಾಹೇಬರು ಎರಡೂ ಕೈ ಎತ್ತಿ ಮುಗಿದರು.

"ಇನ್ನಾ ಆಟದ ಪುಟ ಉಳದೈತ್ರಿ."

"ನಾನು ಹೆಡ್ಡಿಂಗ್ ಬಿಟ್ಟು ಏನೂ ಓದಿರಲಿಲ್ಲಮ್ಮಾ," ಎಂದು ಸಾಹೇಬರು ನಗುತ್ತ ಹಾಜರಿ ಪುಸ್ತಕವನ್ನು ಅವಳ ಮುಂದೆ ತಳ್ಳಿದರು.

ಓಬಳಮ್ಮ ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡು ತಡೆದಳು. "ಎಲ್ಲಿ ಒತ್ತಲೇ ಅನ್ನದಾನಿ?"

"ಇಲ್ಲಿ 'ಓದುಗರು' ಅಂತ ಐತಿ ನೋಡು, ಅದರ ಕೆಳಗ."

ಮುದುಕಿ ಬಲವಾಗಿ ಒತ್ತಿದಳು. ಅವಳ ಹಿಂದೆ ಮೂವತ್ತು ಮಂದಿ ಆಗಲೇ ಸಾಲು ನಿಂತಿದ್ದರು.