ಜೈವಿಕ ದಾಳಿಗೆ ರೋಗಿ ಬೇಕು

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಗೌತಮ್ ತನ್ನ ಅವ್ವ ಹೊನ್ನಕ್ಕನಿಗೆ ಒಂದು ಮಾತು ಕೊಟ್ಟಿದ್ದ. ಗೌಡರ ಕಣದಲ್ಲಿ ರಾಗಿ ಬಡಿದು ಬಾಯಾರಿದವಳಿಗೆ ಯಾರೋ ಮೈ ತಾಕದ ಹಾಗೆ ಎತ್ತರದಿಂದ ಚೊಂಬು ಬಗ್ಗಿಸಿದ್ದರು. ಅವಳು ಕುಡಿದದ್ದಕ್ಕಿಂತ ಸೀರೆ ಕುಡಿದದ್ದೇ ಹೆಚ್ಚು. "ನಾನು ಕೆಲ್ಸಕ್ಕೆ ಸೇರ್ಲಿ ಕಣವ್ವ, ಆಮೇಲೆ ನಿಂಗೆ ಯಾರೂ ಇಂಗೆ ದೂರ ನಿಂತ್ಕಂಡು ನೀರು ಉಯ್ಯಂಗಿಲ್ಲ," ಅಂದಿದ್ದ.

ಕೆಲಸಕ್ಕೇನೋ ಸೇರಿದ. ಹೊಳೆನರಸೀಪುರ ತಾಲೂಕಿನ ತನ್ನ ಊರಿಗೇ ಆರೋಗ್ಯ ಸಹಾಯಕ, ಆದರೆ ಗುತ್ತಿಗೆಯ ಮೇಲೆ. ವರ್ಷಾ ವರ್ಷಾ ನವೀಕರಣ ಆಗಬೇಕು, ಈ ಸಲದ್ದು ಇನ್ನೂ ಆಗಿರಲಿಲ್ಲ. ಮಗಳು ಬಿಂದುಶ್ರೀಯನ್ನು ಆಗಷ್ಟೇ ಹಾಸನದ ಕಾಲೇಜಿಗೆ ಸೇರಿಸಿದ್ದ.

ಅಷ್ಟರಲ್ಲಿ ಮೇಲಿನಿಂದ ಆದೇಶ ಬಂತು. ಶತ್ರುಗಳು ರೋಗಾಣು ಚೆಲ್ಲಿದರೆ ಹಳ್ಳಿಗಳು ಹೇಗೆ ಎದುರಿಸುತ್ತವೆ ಎಂದು ಅಣಕು ಕಾರ್ಯಾಚರಣೆ ನಡೆಸತಕ್ಕದ್ದು. ದಿನಕ್ಕೆ ಎರಡೇ ಬಸ್ಸು ಬರುವ ಊರಿಗೆ ಶತ್ರು ಯಾವುದರಲ್ಲಿ ಬರುತ್ತಾನೆ ಎಂದು ಆದೇಶದಲ್ಲಿ ಇರಲಿಲ್ಲ.

ಆಟೋಗೆ ಮೈಕು ಕಟ್ಟಿ, ನಾಳೆ ಶಾಲೆ ಮೈದಾನದಲ್ಲಿ ಜೈವಿಕ ದಾಳಿ ಇದೆ, ಎಲ್ಲರೂ ಬಂದು ಸಹಕರಿಸಬೇಕು ಎಂದು ಸಾರಿಸಿದರು. ಆ ಸೀಮೆಯಲ್ಲಿ ಜೈವಿಕ ಅಂದರೆ ಗೊಬ್ಬರ. ಸಬ್ಸಿಡಿ ಗೊಬ್ಬರ ಬಂದಿದೆ ಎಂದುಕೊಂಡು ಜನ ಖಾಲಿ ಚೀಲ, ಆಧಾರ್ ಜೆರಾಕ್ಸು ಹಿಡಿದು ಬೆಳಗ್ಗೆಯೇ ಸಾಲು ನಿಂತರು. ರೋಗಾಣು ಎಂದು ಚೆಲ್ಲಿದ್ದ ಮೈದಾವನ್ನು ಪುಟ್ಟತಾಯಮ್ಮ ಎಂಬ ಮುದುಕಿ ಚಿಟಿಕೆಯಷ್ಟು ನಾಲಿಗೆಗಿಟ್ಟು ನೋಡಿ, ಇದು ತೆಂಗಿಗೆ ಆಗುವುದಿಲ್ಲ, ಒಬ್ಬಟ್ಟಿಗಾದರೆ ಆಗುತ್ತದೆ ಎಂದು ತೀರ್ಪು ಕೊಟ್ಟಳು. ಅವಳನ್ನು ಸತ್ತವರ ಲೆಕ್ಕಕ್ಕೆ ಹಾಕಬೇಕೋ ಬೇಡವೋ ಎಂದು ಅಧಿಕಾರಿಗಳಲ್ಲಿ ಸ್ವಲ್ಪ ಹೊತ್ತು ಚರ್ಚೆ ನಡೆಯಿತು.

ಅಷ್ಟು ಹೊತ್ತಿಗೆ ಇನ್ನೊಂದು ತೊಡಕು. ರೋಗಿಯ ಪಾತ್ರಕ್ಕೆಂದು ಅರಕಲಗೂಡಿನಿಂದ ಗೊತ್ತುಮಾಡಿದ್ದ ನಾಟಕದವನು ನಿಜವಾಗಲೂ ಜ್ವರ ಬಂದು ಮಲಗಿದ್ದ. ರೋಗಿಯಿಲ್ಲದೆ ದಾಳಿ ನಡೆಸುವಂತಿಲ್ಲ. ಊರಿನವರು ಯಾರೂ ಮುಂದೆ ಬರಲಿಲ್ಲ, ಸುಮ್ಮನೆ ಅಂದರೂ ರೋಗ ರೋಗವೇ ತಾನೆ. ಆಗ ಪಂಚಾಯ್ತಿ ಅಧ್ಯಕ್ಷ ದೇವರಾಜು ದಾರಿ ತೋರಿಸಿದ.

"ಕೇರಿ ಹೊನ್ನಕ್ಕನ್ನ ಕರೀರಿ ಸಾ. ಯೋಳ್ದಂಗೆ ಕೇಳ್ತಾಳೆ."

ತಾನೇ ಮಲಗುತ್ತೇನೆ ಎಂದು ಗೌತಮ್ ಅಂದ. ರಕ್ಷಣೆಯ ಸೂಟು ಇರುವುದು ಒಂದೇ, ಅದನ್ನು ತೊಡುವ ತರಬೇತಿ ಆಗಿರುವುದು ನಿನಗೊಬ್ಬನಿಗೇ ಎಂದು ಅವನ ಇಲಾಖೆಯ ಅಧಿಕಾರಿ ನೆನಪಿಸಿದರು. ಹಾಗೆಯೇ, ನಿನ್ನ ನವೀಕರಣದ ಫೈಲು ನನ್ನ ಮೇಜಿನ ಮೇಲೇ ಇದೆಯಲ್ಲವೇ ಎಂದೂ ಬಹಳ ಪ್ರೀತಿಯಿಂದ ವಿಚಾರಿಸಿದರು.

ಗೊಬ್ಬರದ ಸಾಲಿನ ಕೊನೆಯಲ್ಲಿ ನಿಂತಿದ್ದ ಹೊನ್ನಕ್ಕ ಅದನ್ನು ಕೇಳಿಸಿಕೊಂಡಳು. ಚೀಲ ಮಡಿಸಿ ಕಂಕುಳಿಗಿಟ್ಟುಕೊಂಡು ಬಂದಳು.

"ಬ್ಯಾಡ ಕಣವ್ವ, ಮನೆಗೋಗು."

"ಸುಮ್ಕಿರ್ಲಾ. ಕೆಲ್ಸ ಹೋದ್ರೆ ಮೊಮ್ಮಗಳ ಓದ್ಸಕ್ಕೆ ಇವ್ರು ಬತ್ತಾರಾ? ಅದೇನ್ ಮಾಡ್ತೀಯೋ ಬಿರ್ರನೆ ಮಾಡು, ಮುದ್ದೆ ತಿರುವ್ಬೇಕು."

ಅವಳು ಮೈದಾನದ ನಡುವೆ ಮಲಗಿದಳು. ಸುತ್ತ ಹಳದಿ ಟೇಪು ಕಟ್ಟಿ, ರೋಗಿಯನ್ನು ಯಾರೂ ಮುಟ್ಟಬಾರದು, ಗಾಳಿಯೂ ಸೋಕಬಾರದು ಎಂದು ಮೈಕಿನಲ್ಲಿ ಹೇಳಿದ್ದೇ ತಡ, ಊರಿಗೆ ಊರೇ ಒಂದು ಅಳತೆಯಲ್ಲಿ ಹಿಂದೆ ಸರಿಯಿತು. ತಳ್ಳಾಟವಿಲ್ಲ, ಗಲಿಬಿಲಿಯಿಲ್ಲ. ಹೆಂಗಸರು ಸೆರಗು ಮೈಗೆ ಸುತ್ತಿಕೊಂಡರು. ಮಕ್ಕಳು ಕೂಡ ಗೆರೆ ಎಲ್ಲಿ ಎಂದು ಕೇಳಲಿಲ್ಲ. ನೋಡಲು ಬಂದಿದ್ದ ಅಧಿಕಾರಿಗಳು ಬೆರಗಾದರು. ಚನ್ನರಾಯಪಟ್ಟಣದ ಕಡೆ ನಡೆದ ಕಾರ್ಯಾಚರಣೆಯಲ್ಲಿ ಜನ ಟೇಪು ದಾಟಿ ರೋಗಿಯ ಜೊತೆ ಸೆಲ್ಫಿ ತೆಗೆದುಕೊಂಡಿದ್ದರಂತೆ. ಇಲ್ಲಿನವರಿಗೆ ಇಷ್ಟು ಶಿಸ್ತು ಕಲಿಸಿದವರು ಯಾರು ಎಂದು ಕೇಳಿದರು.

"ಯಾರೂ ಕಲ್ಸಿಲ್ಲ ಸಾ," ದೇವರಾಜು ಎದೆಯುಬ್ಬಿಸಿದ. "ನಮ್ಮೂರ್ನಾಗೆ ಮದ್ಲಿಂದ್ಲೂ ಇಂಗೇಯ."

ಜೈವಿಕ ದಾಳಿಗೆ ಜಿಲ್ಲೆಯಲ್ಲೇ ಅತ್ಯಂತ ಸನ್ನದ್ಧವಾದ ಗ್ರಾಮ ಇದು ಎಂದು ಅಲ್ಲೇ ಘೋಷಣೆಯಾಯಿತು. ಚಪ್ಪಾಳೆ ಬಿತ್ತು.

ಕೊನೆಗೆ ಉಳಿದದ್ದು ರೋಗಿಯನ್ನು ತೊಳೆಯುವುದು. ತೊಳೆಯುವವನು ರೋಗಿಗೆ ತಾಕದಂತೆ ದೂರ ನಿಂತು, ಮೇಲಿನಿಂದ ನೀರು ಬಿಡಬೇಕು ಎಂದು ಮೈಕು ವಿವರಿಸಿತು. ಗೌತಮ್ ಸೂಟಿನೊಳಗೆ ಬೆವೆತು ನಿಂತಿದ್ದ. ಕನ್ನಡಕದ ಗಾಜಿಗೆ ಹಬೆ ಹಿಡಿದು ಅವ್ವನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಅಧಿಕಾರಿ ಎರಡು ಸಲ ಕೈಸನ್ನೆ ಮಾಡಿದರು. ಅವನು ಬಕೆಟ್ಟು ಎತ್ತಿದ.

ಗುತ್ತಿಗೆ ನವೀಕರಣವಾಯಿತು. ಅವ್ವನಿಗೆ ಕೊಟ್ಟಿದ್ದ ಮಾತನ್ನು ಗೌತಮ್ ಮುರಿದ.