ಗಿರಣಿ ತಿರುಗದ ದಿನ

ಗಿರಣಿಯವನಿಗೆ ಮೂಗಿನ ತುದಿಯಲ್ಲೇ ಕೋಪ. ಹಿಟ್ಟು ತರಿಯಾಯಿತೆಂದು ಯಾರಾದರೂ ಗೊಣಗಿದರೆ "ಹಾಗಾದ್ರೆ ಮನೇಲೇ ಬೀಸ್ಕೊ ಹೋಗು" ಎಂದು ಡಬ್ಬ ಮುಂದಕ್ಕೆ ತಳ್ಳುವವನು. ಅಂಥವನೂ ಹೆದರುವ ಜೀವ ಒಂದೇ ಇತ್ತು, ಅವನ ಅಕ್ಕ. ಅಮ್ಮ ಹೋದ ಮೇಲೆ ಅವನ ತಲೆ ಬಾಚಿ, ಅದೇ ತಲೆಗೆ ಮೊಟಕಿ ಬೆಳೆಸಿದವಳು. ಗಿರಣಿಯ ಹಿಂದಿನ ಮೆಟ್ಟಿಲು ಹತ್ತಿದರೆ ಗುಡ್ಡದ ಬುಡದಲ್ಲಿ ಅವಳ ಮನೆ.

ಆ ಗುಡ್ಡದ ನೆತ್ತಿಯಲ್ಲಿ ಹೋದ ವರ್ಷ ಬಿರುಕು ಕಂಡಿತ್ತು. ಒಬ್ಬ ಇಂಜಿನಿಯರ್ ಹುಡುಗಿ ಬಂದು ನೆಲದ ನಡುಕ ಹಿಡಿಯುವ ಯಂತ್ರವನ್ನು ಇಳಿಜಾರಿನಲ್ಲಿ ಹೂತು, ಅದರ ಪೆಟ್ಟಿಗೆಯನ್ನು ಗಿರಣಿಯ ಮೂಲೆಯಲ್ಲಿಟ್ಟಳು. ಗುಡ್ಡ ಕುಸಿಯುವ ಮೊದಲು ಒಳಗೆ ಮಣ್ಣು ಚೂರುಚೂರೇ ಜಾರುತ್ತದೆ, ಜಾರಿದಾಗೆಲ್ಲ ನೆಲ ಅದುರುತ್ತದೆ, ಆ ಅದುರು ಹತ್ತಿರ ಹತ್ತಿರವಾದರೆ ಜಾಗ ಬಿಡಬೇಕು ಎಂದಿದ್ದಳು. ತೊಡಕೆಂದರೆ ಗಿರಣಿ ತಿರುಗಿದರೂ ನೆಲ ಅದುರುತ್ತದೆ. ಅದಕ್ಕೇ ಪೆಟ್ಟಿಗೆಯ ಪಕ್ಕ ಒಂದು ಪುಸ್ತಕ. ಗಿರಣಿ ನಡೆದ ಹೊತ್ತನ್ನು ಅವನು ಬರೆಯಬೇಕು. ಅಷ್ಟು ಹೊತ್ತಿನ ನಡುಕವನ್ನು ಅವಳು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಆ ಪುಸ್ತಕವನ್ನು ಅಕ್ಕನೂ ಓದುತ್ತಿದ್ದಳು. "ಬೆನ್ನು ನೋವು ಅಂತ ಒಂದಿನ ಗಿರಣಿ ಮುಚ್ಚು, ಕಿವಿ ಹಿಡ್ಕೊಂಡು ಡಾಕ್ಟ್ರ ಹತ್ರ ಎಳ್ಕೊಂಡು ಹೋಗ್ತೀನಿ" ಎಂದು ಎಚ್ಚರಿಸಿದ್ದಳು. ಅವನಿಗೋ ಸೂಜಿ ಕಂಡರೆ ಜೀವ ಬಾಯಿಗೆ ಬರುತ್ತಿತ್ತು.

ಆ ಮಂಗಳವಾರ ಬೆನ್ನು ಹಿಡಿದುಕೊಂಡುಬಿಟ್ಟಿತು. ಅಕ್ಕ ರಸ್ತೆಯಾಚೆಯ ತನ್ನ ಹೊಲಿಗೆ ಅಂಗಡಿಗೆ ಹೋಗಿದ್ದಳು, ಅಲ್ಲಿನ ಮಿಷನ್ನುಗಳ ಸದ್ದಿನಲ್ಲಿ ಅವಳಿಗೆ ಗಿರಣಿ ಕೇಳಿಸುತ್ತಿರಲಿಲ್ಲ. ಬೀಸಿಸಲು ಬಂದವರಿಗೆ ಬೆಲ್ಟು ಹರಿದಿದೆ ಎಂದು ಹೇಳಿ ಕಳಿಸಿ, ಮೂಟೆಗಳ ಹಿಂದೆ ಅಂಗಾತ ಮಲಗಿದ. ಅಕ್ಕ ಊಟದ ಡಬ್ಬಿ ತರುವ ಹೊತ್ತಿಗೆ ಎದ್ದು ಬರೆದ: ಒಂಬತ್ತರಿಂದ ಒಂದು, ಗಿರಣಿ ನಡೆದಿದೆ.

ಅಕ್ಕ ಓದಿ ತಲೆಯಾಡಿಸಿದಳು. ಅಷ್ಟರಲ್ಲಿ ವಾರದ ಭೇಟಿಗೆ ಬಂದ ಇಂಜಿನಿಯರ್ ಹುಡುಗಿಯೂ ಪುಸ್ತಕ ನೋಡಿ, ಪೆಟ್ಟಿಗೆಗೆ ಲ್ಯಾಪ್‌ಟಾಪ್ ಜೋಡಿಸಿ, ನಡುಕದ ಗೆರೆಗಳನ್ನು ನೋಡಿ ನಕ್ಕಳು.

"ಏನಣ್ಣ, ಗಿರಣಿಗೂ ವಯಸ್ಸಾಯ್ತಾ? ಯಾವಾಗ್ಲೂ ಒಂದೇ ಸಮ ಗುಂಯ್ ಅನ್ನೋದು, ಇವತ್ತು ಟಕ್, ಟಕ್ ಅಂತ ಕುಂಟಿದೆ. ಕಲ್ಲು ಸಡಿಲ ಇರ್ಬೇಕು, ನೋಡಿಸಿ."

"ಯಜಮಾನನ ಹಾಗೇ ಗಿರಣಿ" ಎಂದಳು ಅಕ್ಕ. "ನಾನು ಮೇಲೆ ಹೋಗಿ ಸ್ವಲ್ಪ ಅಡ್ಡ ಆಗ್ತೀನಿ."

ಅವನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ತಿರುಗದ ಗಿರಣಿ ಕುಂಟುವುದು ಹೇಗೆ? ಅಕ್ಕ ಆಗಲೇ ಮೊದಲ ಮೆಟ್ಟಿಲ ಮೇಲಿದ್ದಳು.

"ಅಕ್ಕ, ಹೋಗ್ಬೇಡ."

"ಯಾಕೋ?"

"ಗಿರಣಿ ಇವತ್ತು ತಿರುಗೇ ಇಲ್ಲ. ಬೆನ್ನು ಹಿಡ್ಕೊಂಡಿತ್ತು, ಮಲಗಿದ್ದೆ. ಸುಳ್ಳು ಬರ್ದೆ."

ಹುಡುಗಿಯ ನಗು ಮಾಯವಾಯಿತು. ಬೆರಳು ಗೆರೆಗಳ ಮೇಲೆ ಓಡಿತು. "ಹತ್ತಕ್ಕೆ ಶುರುವಾದಾಗ ಕಾಲು ಗಂಟೆಗೊಂದು ಇತ್ತು. ಈಗ ಮೂರು ನಿಮಿಷಕ್ಕೊಂದು. ಗುಡ್ಡ ಜಾರ್ತಿದೆ. ಎಲ್ಲರೂ ರಸ್ತೆ ಆಚೆಗೆ ಹೋಗ್ಬೇಕು, ಈಗ್ಲೇ." ಹೇಳುತ್ತಲೇ ಕಚೇರಿಗೆ ಫೋನ್ ಹಚ್ಚಿದಳು.

ಅಕ್ಕನ ಮನೆಯ ಸಾಲಿನಲ್ಲಿ ಇನ್ನೂ ಮೂರು ಮನೆಗಳಿದ್ದವು. ಮೆಟ್ಟಿಲು ಹತ್ತಿದವನು ಅವನೇ, ಒಂದು ಕೈ ಸೊಂಟದ ಮೇಲಿಟ್ಟು. ಜನ್ಮದ ಕೋಪವೆಲ್ಲ ಅವತ್ತು ಕೆಲಸಕ್ಕೆ ಬಂತು. ಊಟ ಮುಗಿಸಿ ಬರ್ತೀವಿ ಅಂದವರ ತಟ್ಟೆ ಕಿತ್ತುಕೊಂಡ. ಬೀಗ ಹುಡುಕುತ್ತಿದ್ದ ಮುದುಕನನ್ನು "ಗುಡ್ಡಕ್ಕೆ ಬೀಗ ಹಾಕ್ತೀರಾ" ಎಂದು ಗದರಿ, ತೋಳು ಹಿಡಿದು ಇಳಿಸಿದ.

ನಾಲ್ಕಕ್ಕೆ ಗುಡ್ಡ ಬಂತು. ಅಕ್ಕನ ಅಡುಗೆಮನೆ, ಹಿಂದಿನ ಮೆಟ್ಟಿಲು, ಗಿರಣಿಯ ಅರ್ಧ ಗೋಡೆ ಎಲ್ಲ ಮಣ್ಣಿನಡಿ ಹೋಯಿತು. ಜನ ಮಾತ್ರ ಎಲ್ಲರೂ ರಸ್ತೆಯಾಚೆಯ ಹೊಲಿಗೆ ಅಂಗಡಿಯಲ್ಲಿದ್ದರು.

ಹುಡುಗಿ ಪುಸ್ತಕವನ್ನು ಉಳಿಸಿಕೊಂಡು ತಂದಿದ್ದಳು. "ಸರಿಯಾಗಿ ಬರೆದುಕೊಡಿ ಅಣ್ಣ" ಎಂದಳು. ಅವನು ಸುಳ್ಳು ಸಾಲನ್ನು ಹೊಡೆದುಹಾಕಿ ಬರೆದ: ಗಿರಣಿ ಬಂದ್. ಬೆನ್ನು ಸ್ವಲ್ಪ ನೋವು.

ಅಕ್ಕ ಕನ್ನಡಕ ಏರಿಸಿ ಓದಿದಳು. ಅವನ ತಲೆಗೂದಲಿನಲ್ಲಿ ಸಿಕ್ಕಿದ್ದ ಮಣ್ಣನ್ನು ಬೆರಳಿನಿಂದ ಬಾಚಿದಳು. ಆಮೇಲೆ ಅದೇ ತಲೆಗೆ ಒಂದು ಮೊಟಕಿದಳು.

"ಸ್ವಲ್ಪ ಅನ್ನೋದು ಹೊಡೆದುಹಾಕು. ಏಳು, ಡಾಕ್ಟ್ರು ಆರರ ತನಕ ಇರ್ತಾರೆ."