ಬೀಳದ ಪುಟ

ಮಲಪ್ರಭೆಗೆ ನೀರು ಬಿಟ್ಟ ದಿನ ಬಸವೇಶ್ವರಿಯ ಬ್ಲಾಗು ಬೀಳುವುದು ಖಾತ್ರಿ ಎಂಬಂತಾಗಿತ್ತು. ‘ಹೊಳಿ ಸುದ್ದಿ’ ಎಂದು ಅದರ ಹೆಸರು. ಬೇಸಿಗೆಯಲ್ಲಿ ಅದನ್ನು ಮೂಸಿ ನೋಡುವವರೂ ಇರಲಿಲ್ಲ. ಮಳೆ ಹಿಡಿದು ಮೇಲಿನ ಡ್ಯಾಮಿನ ಬಾಗಿಲು ತೆರೆದರೆ ಸಾಕು, ಬಾದಾಮಿ ಕಡೆಯಿಂದ ಹುನಗುಂದದವರೆಗೆ ಹೊಳೆಸಾಲಿನ ಜನವೆಲ್ಲ ಒಮ್ಮೆಲೇ ಮುಗಿಬೀಳುತ್ತಿತ್ತು. ಯಾವ ಸೇತುವೆ ಮುಳುಗಿದೆ, ಯಾವುದು ತೆರೆದಿದೆ, ಎಷ್ಟು ನೀರು ಬರುತ್ತಿದೆ ಎಂದು ನೋಡುವಷ್ಟರಲ್ಲಿ ಪರದೆ ಬೆಳ್ಳಗಾಗಿ, ಸರ್ವರ್ ಮೇಲೆ ಹೊರೆ ಹೆಚ್ಚಾಗಿದೆ, ಸ್ವಲ್ಪ ಹೊತ್ತಿನ ನಂತರ ಬನ್ನಿ ಎಂಬ ಸಾಲು ಕಾಣುತ್ತಿತ್ತು. ಸ್ವಲ್ಪ ಹೊತ್ತಿನ ನಂತರ ಬಾ ಎಂದರೆ ಹೊಳೆ ಕೇಳುತ್ತದೆಯೇ?

ಬಸವೇಶ್ವರಿ ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜೊಂದರಲ್ಲಿ ಲೈಬ್ರರಿಯನ್. ತವರೂರು ಹೊಳೆದಂಡೆಯಲ್ಲಿತ್ತು. ಹಿಂದೊಂದು ನೆರೆಯಲ್ಲಿ ಸುದ್ದಿಯೇ ತಿಳಿಯದೆ ತವರಿನವರೆಲ್ಲ ಮಾಳಿಗೆ ಹತ್ತಿ ಕೂತಿದ್ದರು. ಆ ಸಿಟ್ಟಿಗೆ ಹುಟ್ಟಿದ ಬ್ಲಾಗು ಇದು. ಊರೂರಿನವರು ಫೋನು ಮಾಡಿ ನೀರಿನ ಮಟ್ಟ ಹೇಳುತ್ತಿದ್ದರು, ಅವಳು ಹಾಕುತ್ತಿದ್ದಳು. ಡಂಗುರದವನನ್ನು ನಂಬದವರು ಕೂಡ ಅವಳ ಪುಟ ನಂಬುತ್ತಿದ್ದರು. ಅದರ ಬಗ್ಗೆ ಅವಳಿಗೆ ತುಸು ಜಂಬವೂ ಇತ್ತು. ಅಷ್ಟು ದುಡಿದವಳಿಗೆ ಅಷ್ಟೂ ಬೇಡವೆಂದರೆ ಹೇಗೆ?

ಜುಲೈನಲ್ಲಿ ಎರಡು ಸಲ ಬ್ಲಾಗು ಬಿದ್ದಾಗ ಅವಳು ಗೌತಮನ ಅಂಗಡಿಗೆ ಹೋದಳು. ಅವಳ ಲೈಬ್ರರಿಯಲ್ಲೇ ಓದಿ, ಈಗ ವಿದ್ಯಾಗಿರಿಯಲ್ಲೇ ಕಂಪ್ಯೂಟರ್ ಅಂಗಡಿ ಇಟ್ಟವನು ಅವನು. ಬಾಯಿ ಬಿಟ್ಟರೆ ಮುಚ್ಚುವುದು ಕಷ್ಟ.

“ಹೋಸ್ಟಿಂಗ್ ಕಂಪನಿಯವ್ರು ಜಾಗಾ ಹೆಚ್ಚು ಮಾಡ್ತೀವಿ ಅಂತಾರೋ” ಎಂದಳು ಬಸವೇಶ್ವರಿ.

“ಜಾಗಾ ತಗೊಂಡು ಏನ್ ಮಾಡ್ತೀರಿ? ಜಾಗಾ ಬೇಕಾದಷ್ಟೈತಿ. ಒಂದ ಸರ್ವರ್ ಮ್ಯಾಲೆ ನೂರಾರು ಸೈಟ್ ಕುಂತಾವು, ನಿಮ್ಮ ಪಾಲಿಗೆ ಬರೋ ಶಕ್ತಿ ಸಾಲವಲ್ದು. ಖರೇ ಅಂದ್ರ ನೀವು ಸ್ವಂತ ಸರ್ವರಿಗೆ ಹೋಗಬೇಕು. ಎಷ್ಟು ಮಂದಿ ಬಂದ್ರೂ ತಡಕೊಂತೈತಿ. ಆದ್ರ ಎಲ್ಲಾ ಎತ್ತಿ ಆ ಕಡೆ ಇಡೂತನಕ ಒಂದೆರಡು ದಿವಸ ಬ್ಲಾಗ್ ಬಂದ್.”

“ಮಳಿಗಾಲದಾಗ ಬಂದ್ ಇಡೂದು? ಅದ ಹೊತ್ತಿಗೆ ನೀರು ಬಿಟ್ರ?”

“ಹಂಗಾದ್ರ ಸದ್ಯೇಕ ಕ್ಯಾಶ್ ಹಾಕೂಣು. ಈಗ ನಿಮ್ಮ ಸರ್ವರ್ ಬಂದವ್ರಿಗೆಲ್ಲಾ ಒಂದೊಂದ ಬಿಸಿ ರೊಟ್ಟಿ ಬಡದು ಕೊಡಾಕತ್ತೈತಿ. ಕ್ಯಾಶ್ ಅಂದ್ರ ಖಡಕ್ ರೊಟ್ಟಿ ಮಾಡಿ ಇಟ್ಟಂಗ. ಪುಟದ ಒಂದು ಪ್ರತಿ ತಗದಿಟ್ಟು ಎಲ್ಲಾರಿಗೂ ಅದನ್ನ ತೋರಸತೈತಿ.” ಅಷ್ಟು ಹೇಳಿ ಅವನು ಬೆರಳೆತ್ತಿದ. “ಆದ್ರ ಅಕ್ಕಾರ, ಹೊಸಾ ಸುದ್ದಿ ಹಾಕಿದ ಕೂಡ್ಲೆ ಹಳೇ ಪ್ರತಿ ಅಳಸೋ ಬಟನ್ ಒತ್ತಬೇಕು. ಇಲ್ಲಾಂದ್ರ ಭಾಳ ಹೊತ್ತು ಮಂದಿಗೆ ಹಳೇದ ಕಾಣತೈತಿ. ನೀವು ಲಾಗಿನ್ ಆಗಿರ್ತೀರಿ, ನಿಮಗ ಮಾತ್ರ ಯಾವಾಗ್ಲೂ ಹೊಸಾದ. ಅದಕ್ಕ ಬ್ಯಾರೇದವ್ರ ಫೋನಿನ್ಯಾಗ ಒಮ್ಮೆ ನೋಡ್ರಿ.”

“ಆತು ಬಿಡೋ, ನಾ ಏನ್ ಸಣ್ಣ ಹುಡುಗೇನು?” ಎಂದಳು ಬಸವೇಶ್ವರಿ. ಸ್ವಂತ ಸರ್ವರಿನ ಮಾತು ದೀಪಾವಳಿಯ ನಂತರಕ್ಕೆ ಹೋಯಿತು.

ಕೆಲವು ದಿನ ಅವಳು ಬಟನ್ ಒತ್ತಿದಳು, ಜವಾನನ ಫೋನು ಇಸಿದುಕೊಂಡು ನೋಡಿದಳು. ಎಲ್ಲ ಸರಿಯಾಗಿತ್ತು.

ಆಗಸ್ಟಿನ ಒಂದು ಸಂಜೆ ಮಳೆ ಬಿಟ್ಟಿತ್ತು. “ಗುಳೇದಗುಡ್ಡದ ಒಳದಾರಿಯ ಕೆಳಸೇತುವೆ ತೆರೆದಿದೆ, ನೀರು ಇಳಿಯುತ್ತಿದೆ” ಎಂದು ಬರೆದು ಮಲಗಿದಳು. ಮರುದಿನ ಬೆಳಿಗ್ಗೆ ಕಾಲೇಜಿನಲ್ಲಿ ತಪಾಸಣೆಗೆ ಬಂದ ಸಮಿತಿಯವರು ಲೈಬ್ರರಿಯೊಳಗೆ ಕಾಲಿಡುವ ಹೊತ್ತಿಗೆ ಸರಿಯಾಗಿ ಯಂಕಪ್ಪನ ಫೋನು ಬಂತು. ಆ ಸೇತುವೆಯ ಪಕ್ಕದಲ್ಲೇ ಅವನ ಚಹಾದಂಗಡಿ. “ರಾತ್ರಿ ಮತ್ತ ನೀರು ಬಿಟ್ಟಾರ್ರಿ. ಸೇತುವಿ ಮ್ಯಾಲೆ ಹರಿಯಾಕತ್ತೈತಿ. ನಾ ಎಮ್ಮಿ ಹೊಡಕೊಂಡು ದಿಬ್ಬಕ್ಕ ಹೊಂಟೇನಿ, ನೀವು ಲಗೂನ ಹಾಕ್ರಿ.”

ಬಸವೇಶ್ವರಿ ನಿಂತಲ್ಲೇ ಹಾಕಿದಳು. “ಕೆಳಸೇತುವೆ ಬಂದ್. ಯಾರೂ ದಾಟಬೇಡಿ.” ಪುಟ ತೆರೆದು ನೋಡಿದಳು. ಕೆಂಪಕ್ಷರದಲ್ಲಿ ಎಲ್ಲಕ್ಕಿಂತ ಮೇಲೆ ಕಾಣಿಸಿತು. ಅಷ್ಟರಲ್ಲಿ ಪ್ರಿನ್ಸಿಪಾಲರು ಕರೆದರು. ತನ್ನ ಕಣ್ಣಿನಿಂದಲೇ ಕಂಡದ್ದನ್ನು ಮತ್ತೆ ಇನ್ನೊಬ್ಬರ ಫೋನಿನಲ್ಲಿ ನೋಡುವುದೇನಿದೆ ಎಂದುಕೊಂಡು ಒಳಗೆ ನಡೆದಳು. ಬಟನ್ ಒತ್ತಲಿಲ್ಲ.

ಆ ದಿನ ಎಂದೂ ಬಾರದಷ್ಟು ಜನ ಬಂದರು. ಪುಟ ಬೀಳಲಿಲ್ಲ. ತೆರೆದವರಿಗೆಲ್ಲ ಸರಕ್ಕನೆ ತೆರೆದುಕೊಂಡಿತು. ಗೌತಮ ಬಂದವರ ಲೆಕ್ಕದ ಚಿತ್ರ ಕಳಿಸಿ “ಶಾಬಾಸ್ ಅಕ್ಕಾರ” ಎಂದು ಬರೆದ. ಅವಳು ಸಮಿತಿಯವರ ಎದುರಿಗೇ ಮೇಜಿನ ಕೆಳಗೆ ಅದನ್ನು ನೋಡಿ ಹಿಗ್ಗಿದಳು. ತೆರೆದವರು ಓದಿದ್ದು ಹಿಂದಿನ ಸಂಜೆಯ ಸುದ್ದಿ.

ಮಧ್ಯಾಹ್ನ ಯಂಕಪ್ಪ ಮತ್ತೆ ಫೋನು ಮಾಡಿದಾಗ ಅವನ ದನಿ ಒಡೆದಿತ್ತು. ಇಳಕಲ್ಲಿನ ಮೀರಾಸಾಬ ಸೀರೆಗಳ ಗಂಟು ಗಾಡಿಗೆ ಕಟ್ಟಿಕೊಂಡು ಗುಳೇದಗುಡ್ಡಕ್ಕೆ ಹೊರಟವನು ಸೇತುವೆಗೆ ಇಳಿದಿದ್ದ. ಇತ್ತಲಿಂದ ಸೀರೆ ಒಯ್ದು ಅತ್ತಲಿಂದ ಕುಪ್ಪಸದ ಖಣ ತರುವುದು ಅವನ ವ್ಯಾಪಾರ. “ನಾ ದಿಬ್ಬದ ಮ್ಯಾಲಿಂದ ಒದರಿದ್ನಿರಿ. ‘ಇಳಿಯಾಕತ್ತೈತಿ, ಫೋನಿನ್ಯಾಗ ಬಂದೈತಿ’ ಅಂತ ಅಂವ ಕೈ ಮಾಡಿದ. ನಡುವ ಹೋಗೂದರೊಳಗ ಗಾಡಿ ಸುದ್ದಾ ತಗೊಂಡು ಹೋತ್ರಿ.” ಮರುದಿನ ಕೆಳಗಿನ ಊರಿನ ಜಾಲಿಗಿಡಗಳ ನಡುವೆ ಹೆಣ ಸಿಕ್ಕಿತು.

ಗೌತಮ ಕಂಪ್ಯೂಟರಿನಲ್ಲಿ ಎಲ್ಲ ತೆಗೆದು ನೋಡಿದ. ಅಳಿಸದ ಹಳೇ ಪ್ರತಿ ಆ ದಿನವೆಲ್ಲ ಜನರಿಗೆ ಕಂಡು, ಆಮೇಲೆ ತಾನಾಗಿಯೇ ಬದಲಾಗಿತ್ತು. ಅವನು ತಲೆ ಎತ್ತದೆ, “ಯಾರಿಗೂ ಗೊತ್ತಾಗಂಗಿಲ್ರಿ. ಸುದ್ದಿ ಹಾಕಿದ ಟೈಮ್ ಮುಂಜಾನೇದ ಐತಿ. ಈಗ ಯಾರ ನೋಡಿದ್ರೂ ನೀವು ಮೊದಲ ಹೇಳಿದ್ರಿ ಅಂತಾನ ಕಾಣತೈತಿ” ಎಂದ. ಆ ಮಾತು ಕೇಳಿ ಒಂದು ಗಳಿಗೆ ಜೀವ ತಣ್ಣಗಾಯಿತು ಬಸವೇಶ್ವರಿಗೆ. ಹಾಗೆ ತಣ್ಣಗಾದದ್ದಕ್ಕೆ ತನ್ನ ಮೇಲೆಯೇ ಅಸಹ್ಯ ಬಂತು. ಮುಂದಿನ ನೆರೆಯಲ್ಲಿ ಜನ ಪುಟವನ್ನು ನಂಬದಿದ್ದರೆ ಇನ್ನೆಷ್ಟು ಜನ ಹೋಗಬೇಕು ಎಂಬ ನೆಪವೂ ತಾನಾಗಿಯೇ ಸಿದ್ಧವಾಗಿತ್ತು. ಆ ನೆಪ ಹಿಡಿದುಕೊಂಡು ಕೆಲವು ದಿನ ತಳ್ಳಿದಳು. ಕೊನೆಗೆ ಇಳಕಲ್ಲಿನ ಬಸ್ಸು ಹತ್ತಿದಳು.

ಮೀರಾಸಾಬನ ತಮ್ಮ ಕುರ್ಚಿ ಹಾಕಿ ಕೂರಿಸಿದ. “ನಿಮ್ಮಂಥಾವ್ರು ನಮ್ಮ ಮನೀಗೆ ಬಂದ್ರಲ್ರಿ” ಎಂದು ಕಣ್ಣೊರೆಸಿಕೊಂಡ. ನಂತರ ದನಿ ಗಡುಸಾಯಿತು. “ನಿಮ್ಮದೇನೂ ತಪ್ಪಿಲ್ರಿ. ನಮ್ಮಣ್ಣಗ ಓದಾಕ ಬರ್ತಿದ್ದಿಲ್ಲ. ಹೊಂಡೂಕಿಂತ ಮೊದಲ ಹೇಣ್ತಿ ಓದಿ ಹೇಳತಿದ್ಲು. ಬಂದ್ ಅಂತ ಬರದದ್ದನ್ನ ತೆರದೈತಿ ಅಂತ ಓದ್ಯಾಳ. ಒಂದ ಸಾಲು ನೆಟ್ಟಗ ಓದಾಕ ಬರಲಿಲ್ಲ ಅಕೀಗೆ. ಅಣ್ಣನ್ನ ಹೊಳಿಗೆ ಕಳಿಸಿಬಿಟ್ಲು.”

ತಾನು ಬಾಯಿ ಮುಚ್ಚಿಕೊಂಡಷ್ಟು ದಿನವೂ ಈ ಮನೆಯಲ್ಲಿ ಇನ್ನೊಬ್ಬಳು ಇದರ ಫಲ ಉಣ್ಣುತ್ತಿದ್ದಳೆಂದು ಬಸವೇಶ್ವರಿಗೆ ತೋಚಿರಲೇ ಇಲ್ಲ.

ಒಳಕೋಣೆಯಲ್ಲಿ ಮೀರಾಸಾಬನ ಹೆಂಡತಿ ಖೈರುನಬಿ ಗೋಡೆಗೆ ಒರಗಿ ಕೂತಿದ್ದಳು. ಫೋನು ತೊಡೆಯ ಮೇಲಿತ್ತು. “ನಾ ಏಳನೇತ್ತಾ ತನಕ ಕನ್ನಡ ಸಾಲಿ ಕಲ್ತಾಕಿರಿ” ಎಂದಳು. “ಅವತ್ತ ತೆರೆದಿದೆ ಅಂತಾನ ಇತ್ತು. ಒಂದಕ್ಕೆರಡು ಸಲ ಓದಿದ್ನಿ. ಈಗ ನೋಡಿದ್ರ ಬಂದ್ ಅಂತೈತಿ. ಅತ್ತಿ ನನ್ನ ಕೈಲೆ ನೀರು ಸುದ್ದಾ ಇಸ್ಕೋವಲ್ರು. ನೀವ ಬರದಾವ್ರು, ನೀವ ಹೇಳ್ರಿ. ನಾ ತಪ್ಪು ಓದಿದ್ನೇನ್ರಿ?”

“ಇಲ್ಲವ್ವಾ. ನೀ ಸರೀನ ಓದೀದಿ. ನಿನಗ ಹಳೇ ಪುಟ ತೋರಿಸಿದ್ದು ನನ್ನ ಬ್ಲಾಗು. ನಾ ಮಾಡಬೇಕಾದ ಒಂದು ಕೆಲಸಾ ಮಾಡಲಿಲ್ಲ.” ಬಸವೇಶ್ವರಿ ತಡವರಿಸುತ್ತ ಎಲ್ಲ ಹೇಳಿದಳು.

ಖೈರುನಬಿ ಬಯ್ಯಲಿಲ್ಲ, ಅಳಲೂ ಇಲ್ಲ. “ಇಷ್ಟು ದಿನ ಎಲ್ಲಿದ್ರಿ?” ಎಂದು ಮಾತ್ರ ಕೇಳಿದಳು. ಆಮೇಲೆ, “ಹೊರಗ ಹೇಳ್ರಿ. ನನ್ನ ಮೈದುನನ ಮುಂದ ಹೇಳ್ರಿ” ಎಂದು ಎದ್ದು ಪರದೆಯ ಹಿಂದೆ ಬಂದು ನಿಂತಳು.

ಬಸವೇಶ್ವರಿ ಹೊರಗೆ ಬಂದು ಹೇಳಿದಳು. ಕ್ಯಾಶ್ ಎಂದಳು, ಹಳೇ ಪ್ರತಿ ಎಂದಳು, ಬಟನ್ ಎಂದಳು. ತಪ್ಪು ತನ್ನದೇ ಎಂದು ಕೈ ಮುಗಿದಳು.

ಮೈದುನ ಕೊನೆಯವರೆಗೂ ಕೇಳಿದ. ತನ್ನ ಫೋನಿನಲ್ಲಿ ಪುಟ ತೆರೆದು, ಕೆಂಪಕ್ಷರದ ಸುದ್ದಿಯನ್ನೂ ಅದರ ಕೆಳಗಿನ ಬೆಳಗಿನ ಹೊತ್ತನ್ನೂ ಬೆರಳಿಟ್ಟು ತೋರಿಸಿದ. “ನೀವು ಭಾಳ ದೊಡ್ಡ ಮನಸಿನಾವ್ರು ಅಕ್ಕಾರ. ಅಕೀ ಮಾರಿ ನೋಡಿ ನಿಮಗ ಕನಿಕರ ಬಂದೈತಿ. ಅದಕ್ಕಂತ ಇಲ್ಲದ ತಪ್ಪು ಮೈಮ್ಯಾಲೆ ಹಾಕ್ಕೋಬ್ಯಾಡ್ರಿ. ನಿಮ್ಮ ಪುಟ ಎಂದೂ ಸುಳ್ಳು ಹೇಳಿಲ್ಲ, ಸುತ್ತ ಊರಿನವ್ರಿಗೆಲ್ಲಾ ಗೊತ್ತೈತಿ.”

“ಖರೇನ ಹೇಳಾಕತ್ತೇನ್ರಿ, ನನ್ನ ಮಾತು ಕೇಳ್ರಿ” ಎಂದು ಬಸವೇಶ್ವರಿ ಚೀರಿದಳು.

“ಆತ್ರಿ, ಆತ್ರಿ” ಎಂದ ಅವನು, ಮಕ್ಕಳನ್ನು ಸಮಾಧಾನ ಮಾಡುವ ದನಿಯಲ್ಲಿ. ಪರದೆಯ ಹಿಂದೆ ನಿಂತಿದ್ದ ಖೈರುನಬಿ ಒಳಗೆ ಹೋದಳು.